ತಂತ್ರಾಂಶ ಪರೀಕ್ಷೆ: ತಾಳೆ ನೋಡುವುದು, ಒರೆಗೆ ಹಚ್ಚುವುದು

ತಂತ್ರಾಂಶ ಪರೀಕ್ಷೆ: ಕಂಪ್ಯೂಟರಿಗಾಗಿ ಬರೆದ ಪ್ರೋಗ್ರಾಮು ಮಾಡಬೇಕಾದ ಕೆಲಸವನ್ನು ಮಾಡುತ್ತದೆಯೇ, ಮಾಡಬಾರದ್ದನ್ನು ಮಾಡದೆ ಇರುತ್ತದೆಯೇ ಎಂದು ಕಂಡುಕೊಳ್ಳುವ ವಿದ್ಯೆ. ಉದ್ಯಮದವರು ಇದನ್ನು ಬರೀ ಟೆಸ್ಟಿಂಗ್ ಎನ್ನುತ್ತಾರೆ. ಆದರೆ ಆ ಒಂದು ಮಾತಿನ ಅಡಿಯಲ್ಲಿ ಮೂರು ಕೆಲಸಗಳು ಸೇರಿಕೊಂಡಿವೆ. ಬರೆದದ್ದು ಮೊದಲೇ ಒಪ್ಪಿಕೊಂಡ ವಿವರಣೆಗೆ ಹೊಂದುತ್ತದೆಯೇ ಎಂದು ತಾಳೆ ನೋಡುವುದು ವೆರಿಫಿಕೇಶನ್. ಆ ವಿವರಣೆಯೇ ಬಳಸುವವರ ಅಗತ್ಯಕ್ಕೂ ಹೊರಗಿನ ಲೋಕದ ನಡವಳಿಕೆಗೂ ಒಪ್ಪುತ್ತದೆಯೇ ಎಂದು ಒರೆಗೆ ಹಚ್ಚುವುದು ವ್ಯಾಲಿಡೇಶನ್. ಇವೆರಡಕ್ಕೂ ಸಾಕ್ಷ್ಯ ಒದಗಿಸಲು ಪ್ರೋಗ್ರಾಮನ್ನು ನಿಜವಾಗಿ ಓಡಿಸಿ ನೋಡುವುದು ಪರೀಕ್ಷೆ. ಅಮೆರಿಕದ ಎಂಜಿನಿಯರ್ ಬ್ಯಾರಿ ಬೋಮ್ ಮೊದಲೆರಡರ ವ್ಯತ್ಯಾಸವನ್ನು ಎರಡು ಪ್ರಶ್ನೆಗಳಲ್ಲಿ ಹಿಡಿದಿಟ್ಟರು: ಕಟ್ಟುತ್ತಿರುವುದನ್ನು ಸರಿಯಾಗಿ ಕಟ್ಟುತ್ತಿದ್ದೇವೆಯೇ? ಕಟ್ಟಬೇಕಾದದ್ದನ್ನೇ ಕಟ್ಟುತ್ತಿದ್ದೇವೆಯೇ? ಮೊದಲನೆಯದಕ್ಕೆ ಹೌದೆಂದು ನೆಮ್ಮದಿಯಾಗಿ ಕುಳಿತು, ಎರಡನೆಯದನ್ನು ಕೇಳದೇ ಹೋದ ಪ್ರಸಂಗಗಳು ಈ ಶಾಸ್ತ್ರದ ಚರಿತ್ರೆಯಲ್ಲಿ ಮತ್ತೆ ಮತ್ತೆ ಎದುರಾಗುತ್ತವೆ.

ಆರಿಯಾನ್-5ರ ಮೊದಲ ಹಾರಾಟ

1996ರ ಜೂನ್ 4ರಂದು ಫ್ರೆಂಚ್ ಗಯಾನಾದ ಕೂರೂ ಕೇಂದ್ರದಿಂದ ಯೂರೋಪಿನ ಆರಿಯಾನ್-5 ರಾಕೆಟ್ ಮೊದಲ ಬಾರಿಗೆ ಮೇಲೆದ್ದಿತು. ಅದರೊಳಗೆ ಭೂಮಿಯ ಕಾಂತಗೋಳದ ಅಧ್ಯಯನಕ್ಕೆಂದು ಸಿದ್ಧಪಡಿಸಿದ್ದ ಕ್ಲಸ್ಟರ್ ಹೆಸರಿನ ನಾಲ್ಕು ಉಪಗ್ರಹಗಳಿದ್ದವು. ಸುಮಾರು 37 ಸೆಕೆಂಡು ಕಳೆಯುವಷ್ಟರಲ್ಲಿ ರಾಕೆಟ್ ದಿಢೀರನೆ ಪಕ್ಕಕ್ಕೆ ವಾಲಿತು, ಗಾಳಿಯ ಒತ್ತಡಕ್ಕೆ ಮುರಿಯತೊಡಗಿತು, ಸುರಕ್ಷತೆಗಾಗಿ ಇಟ್ಟಿದ್ದ ವ್ಯವಸ್ಥೆಯೇ ಅದನ್ನು ಸ್ಫೋಟಿಸಿತು. ಗಣಿತಜ್ಞ ಜಾಕ್-ಲೂಯಿ ಲಿಯೋನ್ಸ್ ಅಧ್ಯಕ್ಷತೆಯ ತನಿಖಾ ಮಂಡಳಿ ಮುಂದಿನ ತಿಂಗಳೇ ವರದಿ ಕೊಟ್ಟಿತು. ತಂತ್ರಾಂಶ ಕ್ಷೇತ್ರಕ್ಕೆ ಕಾಲಿಡುವ ಪ್ರತಿಯೊಬ್ಬರೂ ಒಮ್ಮೆ ಓದಬೇಕಾದ ವರದಿ ಅದು.

ರಾಕೆಟ್ಟಿನ ದಿಕ್ಕು, ವೇಗಗಳನ್ನು ಅಳೆಯುವ ಪೆಟ್ಟಿಗೆಯ ತಂತ್ರಾಂಶವನ್ನು ಹಳೆಯ ಆರಿಯಾನ್-4ರಿಂದ ಹಾಗೆಯೇ ಎತ್ತಿಕೊಂಡಿದ್ದರು. ಅದರಲ್ಲಿ ಒಂದು ಕಡೆ 64 ಬಿಟ್‌ನ ದಶಮಾಂಶ ಸಂಖ್ಯೆಯನ್ನು 16 ಬಿಟ್‌ನ ಪೂರ್ಣಾಂಕವಾಗಿ ಬದಲಿಸುವ ಸಾಲಿತ್ತು. ಅಂಥ ಪೂರ್ಣಾಂಕ 32,767ಕ್ಕಿಂತ ದೊಡ್ಡದನ್ನು ಹಿಡಿಯಲಾರದು. ಸೇರು ಅಕ್ಕಿಯನ್ನು ಪಾವಿಗೆ ಸುರಿದಂತೆ. ಆರಿಯಾನ್-4ರ ಹಾದಿಯಲ್ಲಿ ಆ ಸಂಖ್ಯೆ ಎಂದೂ ಅಷ್ಟು ಬೆಳೆಯುತ್ತಿರಲಿಲ್ಲ. ಆರಿಯಾನ್-5 ಹಾರಾಟದ ಆರಂಭದಲ್ಲೇ ಅಡ್ಡದಿಕ್ಕಿನಲ್ಲಿ ಹೆಚ್ಚು ವೇಗ ಪಡೆಯುತ್ತಿತ್ತು, ಆದ್ದರಿಂದ ಪಾವು ತುಂಬಿ ಚೆಲ್ಲಿತು. ಹೀಗೆ ಬದಲಾಗುವ ಏಳು ಸಂಖ್ಯೆಗಳಲ್ಲಿ ನಾಲ್ಕಕ್ಕೆ ಕಾವಲು ಹಾಕಿ, ಕಂಪ್ಯೂಟರಿನ ಮೇಲೆ ಹೊರೆ ಹೆಚ್ಚಬಾರದೆಂದು ಮೂರನ್ನು ಹಾಗೆಯೇ ಬಿಟ್ಟಿದ್ದರು. ಒಂದು ಕೆಟ್ಟರೆ ಇನ್ನೊಂದಿರಲಿ ಎಂದು ಇಟ್ಟಿದ್ದ ಎರಡನೆಯ ಪೆಟ್ಟಿಗೆಯಲ್ಲೂ ಇದ್ದದ್ದು ಅದೇ ತಂತ್ರಾಂಶ. ಅದು ಮೊದಲನೆಯದಕ್ಕಿಂತ ಕ್ಷಣಾರ್ಧ ಮುಂಚೆ ಅದೇ ಕಾರಣಕ್ಕೆ ನಿಂತಿತ್ತು. ಕೆಟ್ಟ ಪೆಟ್ಟಿಗೆ ಕಳಿಸಿದ ದೋಷಸೂಚನೆಯನ್ನು ಮುಖ್ಯ ಕಂಪ್ಯೂಟರು ಹಾರಾಟದ ಅಳತೆ ಎಂದೇ ಓದಿಕೊಂಡು ಎಂಜಿನಿನ ನಳಿಕೆಗಳನ್ನು ಪೂರ್ತಿ ತಿರುಗಿಸಿತು.

ಇನ್ನೂ ಕಳವಳ ತರುವ ಸಂಗತಿಯೆಂದರೆ, ಆ ಲೆಕ್ಕ ಮಾಡುತ್ತಿದ್ದ ಭಾಗದ ಕೆಲಸ ರಾಕೆಟ್ ನೆಲ ಬಿಟ್ಟಾಗಲೇ ಮುಗಿದಿತ್ತು. ಕ್ಷಣಗಣನೆ ಕೊನೆ ಗಳಿಗೆಯಲ್ಲಿ ನಿಂತರೆ ಬೇಗ ಮತ್ತೆ ಶುರುಮಾಡಲು ಅನುಕೂಲವಾಗಲೆಂದು ಆರಿಯಾನ್-4ರ ಕಾಲದಲ್ಲಿ ಅದನ್ನು ಹಾರಾಟದ ಮೊದಲ 40 ಸೆಕೆಂಡು ಓಡಲು ಬಿಟ್ಟಿದ್ದರು. ಹೊಸ ರಾಕೆಟ್ಟಿಗೆ ಅದರ ಅಗತ್ಯವೇ ಇರಲಿಲ್ಲ. ಪೆಟ್ಟಿಗೆ ತನಗೆ ಕೊಟ್ಟ ವಿವರಣೆಗೆ ತಕ್ಕಂತೆಯೇ ನಡೆದುಕೊಂಡಿತ್ತು, ಆದರೆ ಆ ವಿವರಣೆಯಲ್ಲಿ ಆರಿಯಾನ್-5ರ ಹಾದಿಯ ಲೆಕ್ಕ ಸೇರಿರಲಿಲ್ಲ. ನೆಲದ ಮೇಲಿನ ಪೂರ್ಣ ಪರೀಕ್ಷೆಯಲ್ಲಿ ನಿಜವಾದ ಪೆಟ್ಟಿಗೆಯ ಬದಲು ಅದರ ಅನುಕರಣೆಯನ್ನು ಜೋಡಿಸಿದ್ದರು. ಹೊಸ ಹಾದಿಯ ಲೆಕ್ಕವನ್ನು ನಿಜವಾದ ಪೆಟ್ಟಿಗೆಗೆ ಉಣಿಸಿದ್ದರೆ ದೋಷ ಹೊರಬೀಳುತ್ತಿತ್ತು ಎಂದು ಮಂಡಳಿ ಹೇಳಿತು. ತಾಳೆ ನೋಡುವುದರಲ್ಲಿ ಗೆದ್ದು ಒರೆಗೆ ಹಚ್ಚುವುದರಲ್ಲಿ ಸೋತದ್ದಕ್ಕೆ ಇದಕ್ಕಿಂತ ಸ್ಪಷ್ಟ ನಿದರ್ಶನ ಸಿಗುವುದು ಕಷ್ಟ. ಇಲ್ಲಿ ಯಾರೂ ಪರೀಕ್ಷಿಸದೆ ಉಳಿದದ್ದು, ಹಳೆಯದರಲ್ಲಿ ಸರಿಯಿತ್ತು, ಹೊಸದರಲ್ಲೂ ಸರಿಯಿರುತ್ತದೆ ಎಂಬ ನಂಬಿಕೆ.

ಇಂಥದೇ ನಂಬಿಕೆ 1991ರ ಕೊಲ್ಲಿ ಯುದ್ಧದಲ್ಲಿ ಜೀವಗಳನ್ನು ತೆಗೆದುಕೊಂಡಿತ್ತು. ಎದುರಾಳಿಯ ಕ್ಷಿಪಣಿಗಳನ್ನು ಆಕಾಶದಲ್ಲೇ ತಡೆಯುವ ಅಮೆರಿಕದ ಪೇಟ್ರಿಯಟ್ ಕ್ಷಿಪಣಿ ವ್ಯವಸ್ಥೆ ಕಾಲವನ್ನು ಸೆಕೆಂಡಿನ ಹತ್ತನೆಯ ಒಂದು ಭಾಗದಲ್ಲಿ ಎಣಿಸುತ್ತಿತ್ತು. ದ್ವಿಮಾನ ಪದ್ಧತಿಯಲ್ಲಿ ಹತ್ತನೆಯ ಒಂದನ್ನು 24 ಬಿಟ್‌ಗಳಲ್ಲಿ ನಿಖರವಾಗಿ ಬರೆಯಲಾಗದು, ಪ್ರತಿ ಎಣಿಕೆಗೂ ಎಳ್ಳಿನಷ್ಟು ತಪ್ಪು ಕೂಡುತ್ತ ಹೋಗುತ್ತದೆ. ಸೌದಿ ಅರೇಬಿಯದ ದಹರಾನ್‌ನಲ್ಲಿ ಆ ಯಂತ್ರ ಸುಮಾರು 100 ಗಂಟೆ ಎಡೆಬಿಡದೆ ಓಡಿದಾಗ ತಪ್ಪು ಮೂರನೆಯ ಒಂದು ಸೆಕೆಂಡಿನಷ್ಟಾಯಿತು. ಅಷ್ಟರಲ್ಲಿ ಇರಾಕಿನ ಸ್ಕಡ್ ಕ್ಷಿಪಣಿ ಅರ್ಧ ಕಿಲೋಮೀಟರಿಗಿಂತ ಹೆಚ್ಚು ದೂರ ಸಾಗಿರುತ್ತದೆ. ಫೆಬ್ರವರಿ 25ರಂದು ಪೇಟ್ರಿಯಟ್ ತಡೆಯದೇ ಹೋದ ಸ್ಕಡ್ ಬಂದಪ್ಪಳಿಸಿ 28 ಸೈನಿಕರು ಸತ್ತರು. ತಿದ್ದಿದ ತಂತ್ರಾಂಶ ಅಲ್ಲಿಗೆ ತಲುಪಿದ್ದು ಮರುದಿನ.

ಚರಿತ್ರೆ

ದೋಷಕ್ಕೆ ಬಗ್, ಅಂದರೆ ಹುಳು, ಎಂಬ ಹೆಸರು ಕಂಪ್ಯೂಟರಿಗಿಂತ ಹಳೆಯದು. ಥಾಮಸ್ ಎಡಿಸನ್ 1878ರಲ್ಲೇ ಪತ್ರವೊಂದರಲ್ಲಿ ಅದನ್ನು ಬಳಸಿದ್ದಾರೆ. 1947ರ ಸೆಪ್ಟೆಂಬರ್ 9ರಂದು ಹಾರ್ವರ್ಡ್ ಮಾರ್ಕ್-2 ಯಂತ್ರದ ರಿಲೇಯೊಂದರಲ್ಲಿ ಪತಂಗ ಸಿಕ್ಕಿಬಿದ್ದಾಗ ಸಿಬ್ಬಂದಿ ಅದನ್ನು ದಿನಚರಿ ಪುಸ್ತಕಕ್ಕೆ ಅಂಟಿಸಿದರು. ಆ ಪುಟ ಈಗ ಸ್ಮಿತ್ಸೋನಿಯನ್ ಸಂಗ್ರಹದಲ್ಲಿದೆ. ಕಥೆ ಸೊಗಸಾದರೂ ಅದು ತಪ್ಪು ಕಲ್ಪನೆಯೊಂದನ್ನು ಬಿತ್ತುತ್ತದೆ. ಪತಂಗ ಹೊರಗಿನಿಂದ ಹಾರಿಬಂತು. ತಂತ್ರಾಂಶದ ದೋಷವನ್ನು ಒಳಗಿಟ್ಟವರು ಬರೆದವರೇ.

ಪ್ರೋಗ್ರಾಮು ಸರಿಯಿದೆ ಎಂದು ತೋರಿಸುವುದು ಹೇಗೆ ಎಂಬ ಪ್ರಶ್ನೆಯನ್ನು 1949ರಷ್ಟು ಹಿಂದೆಯೇ ಅಲನ್ ಟ್ಯೂರಿಂಗ್ ಕೇಂಬ್ರಿಜ್ ಸಮ್ಮೇಳನದಲ್ಲಿ ಎತ್ತಿದ್ದರು. ಬರೆಯುವವರು ನಡುನಡುವೆ 'ಇಲ್ಲಿಗೆ ಬಂದಾಗ ಇದು ನಿಜವಾಗಿರಬೇಕು' ಎಂಬ ಹೇಳಿಕೆಗಳನ್ನು ಇಡಲಿ, ನೋಡುವವರು ಅವನ್ನು ಒಂದೊಂದಾಗಿ ಪರಿಶೀಲಿಸಲಿ ಎಂಬುದು ಅವರ ಸಲಹೆ. 1967ರಲ್ಲಿ ರಾಬರ್ಟ್ ಫ್ಲಾಯ್ಡ್, 1969ರಲ್ಲಿ ಟೋನಿ ಹೋರ್ ಇದನ್ನು ಗಟ್ಟಿ ತರ್ಕಶಾಸ್ತ್ರವಾಗಿ ಬೆಳೆಸಿದರು. 1968ರಲ್ಲಿ ಜರ್ಮನಿಯ ಗಾರ್ಮಿಶ್‌ನಲ್ಲಿ ನ್ಯಾಟೊ ಪ್ರಾಯೋಜಿಸಿದ ಸಮಾವೇಶ ತಂತ್ರಾಂಶದ ಬಿಕ್ಕಟ್ಟನ್ನು ಬಹಿರಂಗವಾಗಿ ಒಪ್ಪಿಕೊಂಡಿತು. ಮರುವರ್ಷ ರೋಮ್‌ನಲ್ಲಿ ಎಡ್ಸ್‌ಗರ್ ಡೈಕ್‌ಸ್ಟ್ರಾ ಆಡಿದ ಮಾತು ಈ ಕಸುಬಿನವರ ಬಾಯಲ್ಲಿ ಇಂದಿಗೂ ಉಳಿದಿದೆ: ಪರೀಕ್ಷೆಯಿಂದ ದೋಷ ಇದೆಯೆಂದು ತೋರಿಸಬಹುದು, ಇಲ್ಲವೆಂದು ತೋರಿಸಲಾಗದು ಎಂಬುದು ಅದರ ತಾತ್ಪರ್ಯ.

ಈ ಮಾತಿನ ಹಿಂದೆ ಸರಳ ಗಣಿತವಿದೆ. 32 ಬಿಟ್‌ನ ಎರಡು ಸಂಖ್ಯೆಗಳನ್ನು ಕೂಡುವ ಪುಟ್ಟ ಪ್ರೋಗ್ರಾಮನ್ನೇ ತೆಗೆದುಕೊಳ್ಳಿ. ಸಾಧ್ಯವಿರುವ ಎಲ್ಲ ಜೋಡಿಗಳನ್ನೂ ಸೆಕೆಂಡಿಗೆ 100 ಕೋಟಿಯಂತೆ ಪರೀಕ್ಷಿಸುತ್ತ ಕುಳಿತರೂ ಮುಗಿಯಲು 580 ವರ್ಷ ದಾಟುತ್ತದೆ. ಆದ್ದರಿಂದ ಪರೀಕ್ಷೆ ಎಂದರೆ ಆಯ್ಕೆ. ಸಾಗರದಿಂದ ಯಾವ ಹನಿಗಳನ್ನು ಎತ್ತಿ ನೋಡಬೇಕು ಎಂಬುದರಲ್ಲೇ ಪರೀಕ್ಷಕರ ಜಾಣ್ಮೆಯಿದೆ.

ಆಯ್ಕೆಯ ಜಾಣ್ಮೆ

ಗ್ಲೆನ್‌ಫರ್ಡ್ ಮೈಯರ್ಸ್ 1979ರಲ್ಲಿ ಈ ವಿಷಯದ ಮೇಲೆ ಬರೆದ ಪುಸ್ತಕ ಆಲೋಚನೆಯ ದಿಕ್ಕನ್ನೇ ಬದಲಿಸಿತು. ಪ್ರೋಗ್ರಾಮು ಕೆಲಸ ಮಾಡುತ್ತದೆಂದು ತೋರಿಸಲು ಹೊರಟವರು ತಮಗೆ ತಿಳಿಯದಂತೆಯೇ ಅದು ಕೆಲಸ ಮಾಡುವ ಅಂಕಿಗಳನ್ನು ಆರಿಸಿಕೊಳ್ಳುತ್ತಾರೆ. ಪರೀಕ್ಷೆಯ ಉದ್ದೇಶ ತಪ್ಪು ಹುಡುಕುವುದೇ ಆಗಿರಬೇಕು ಎಂದು ಅವರು ಪಟ್ಟುಹಿಡಿದರು. ಓದುಗರ ಮುಂದೆ ಅವರಿಟ್ಟ ಲೆಕ್ಕ ಇದು: ಮೂರು ಪೂರ್ಣಾಂಕಗಳನ್ನು ತ್ರಿಕೋನದ ಬಾಹುಗಳೆಂದು ತೆಗೆದುಕೊಂಡು, ಅದು ಸಮಬಾಹುವೋ ಸಮದ್ವಿಬಾಹುವೋ ಅಸಮಬಾಹುವೋ ಎಂದು ಹೇಳುವ ಪ್ರೋಗ್ರಾಮನ್ನು ಹೇಗೆ ಪರೀಕ್ಷಿಸುತ್ತೀರಿ? 3, 4, 5 ಎಲ್ಲರಿಗೂ ಹೊಳೆಯುತ್ತದೆ. 1, 2, 3 ಕೊಟ್ಟರೆ ಅದು ತ್ರಿಕೋನವೇ ಆಗದೆ ಒಂದೇ ಗೆರೆಯಾಗುತ್ತದೆ ಎಂಬುದು ಕೆಲವರಿಗಷ್ಟೇ ಹೊಳೆಯುತ್ತದೆ. ಸೊನ್ನೆ, ಋಣ ಸಂಖ್ಯೆ, ಎರಡೇ ಅಂಕಿ ಕೊಡುವುದು, ಅದೇ ಅಂಕಿಗಳ ಕ್ರಮ ಬದಲಿಸುವುದು, ಹೀಗೆ ಮೈಯರ್ಸ್ ಅವರ ಪಟ್ಟಿಯಲ್ಲಿ 14 ಅಂಶಗಳಿದ್ದವು. ಅನುಭವಿ ಪ್ರೋಗ್ರಾಮರುಗಳು ಸರಾಸರಿ 7.8 ಮಾತ್ರ ಹಿಡಿಯುತ್ತಿದ್ದರು ಎಂದು ಅವರು ದಾಖಲಿಸಿದ್ದಾರೆ.

ದೋಷಗಳು ಗಡಿಗಳಲ್ಲಿ ಗೂಡು ಕಟ್ಟುತ್ತವೆ. 60 ವರ್ಷದವರಿಗೆ ಬಸ್ ಟಿಕೆಟ್‌ನಲ್ಲಿ ರಿಯಾಯಿತಿ ಎಂಬ ನಿಯಮವಿದ್ದರೆ 35 ಮತ್ತು 72ರಲ್ಲಿ ತಪ್ಪು ಸಿಗುವುದು ಅಪರೂಪ. 59, 60, 61ರಲ್ಲಿ ಹುಡುಕಬೇಕು. ಅಲ್ಲಿಗೆ ಬಂದಾಗಲೇ ವಿವರಣೆಯ ಬಿರುಕು ಕಾಣುತ್ತದೆ. ನಮ್ಮ ಮಾತಿನಲ್ಲಿ 'ಅರವತ್ತು ನಡೀತಿದೆ' ಎಂದರೆ ಒಂದು, 'ಅರವತ್ತು ತುಂಬಿತು' ಎಂದರೆ ಇನ್ನೊಂದು, ನಡುವೆ ಇಡೀ ಒಂದು ವರ್ಷವಿದೆ. ವಯಸ್ಸನ್ನು ಎಣಿಸುವುದು ಟಿಕೆಟ್ ಕಾಯ್ದಿರಿಸಿದ ದಿನಕ್ಕೋ, ಪ್ರಯಾಣದ ದಿನಕ್ಕೋ? ಫೆಬ್ರವರಿ 29ರಂದು ಹುಟ್ಟಿದವರ ಕಥೆಯೇನು? ಒಳ್ಳೆಯ ಪರೀಕ್ಷಕಿ ಈ ಪ್ರಶ್ನೆಗಳನ್ನು ಒಂದು ಸಾಲು ಕೋಡ್ ಬರೆಯುವ ಮುಂಚೆಯೇ ಕೇಳಿರುತ್ತಾಳೆ. ವಿವರಣೆ ಓದುವ ಹಂತದಲ್ಲಿ ಸಿಕ್ಕ ತಪ್ಪನ್ನು ಪೆನ್ನಿನಿಂದ ತಿದ್ದಬಹುದು.

ಓಡಿಸದೆಯೇ ತಪ್ಪು ಹಿಡಿಯುವ ಈ ದಾರಿಗೆ ಐಬಿಎಂನ ಮೈಕೆಲ್ ಫೇಗನ್ 1976ರಲ್ಲಿ ಕ್ರಮಬದ್ಧ ರೂಪ ಕೊಟ್ಟರು: ಬರೆದವರನ್ನು ಎದುರಿಗೆ ಕೂರಿಸಿಕೊಂಡು ಸಹೋದ್ಯೋಗಿಗಳು ಕೋಡನ್ನು ಸಾಲು ಸಾಲಾಗಿ ಓದುವುದು. ಈಗ ಅದು ಕೋಡ್ ರಿವ್ಯೂ ಎಂಬ ಹೆಸರಿನಲ್ಲಿ ಎಲ್ಲ ಕಡೆ ನಡೆಯುತ್ತದೆ, ಬಹಳ ಕಡೆ ಆತುರದಲ್ಲಿ ನಡೆಯುತ್ತದೆ.

ಓಡಿಸಿ ನೋಡುವ ಪರೀಕ್ಷೆ ಹಂತ ಹಂತವಾಗಿ ಮೇಲೇರುತ್ತದೆ. ಬಿಡಿ ತುಣುಕನ್ನು ನೋಡುವುದು ಯೂನಿಟ್ ಟೆಸ್ಟ್, ತುಣುಕುಗಳನ್ನು ಜೋಡಿಸಿ ನೋಡುವುದು ಇಂಟಿಗ್ರೇಶನ್ ಟೆಸ್ಟ್, ಇಡಿಯಾಗಿ ನೋಡುವುದು ಸಿಸ್ಟಮ್ ಟೆಸ್ಟ್, ಕೊನೆಗೆ ಬಳಸುವವರೇ ಒಪ್ಪಿಗೆ ಕೊಡುವ ಮುನ್ನ ನೋಡುವುದು ಅಕ್ಸೆಪ್ಟೆನ್ಸ್ ಟೆಸ್ಟ್. ಈ ಕೊನೆಯದನ್ನು ಬಹುಪಾಲು ಮತದಾರರು ಕೇಳಿ ಬಲ್ಲರು. ಬೆಂಗಳೂರಿನ ಭಾರತ್ ಎಲೆಕ್ಟ್ರಾನಿಕ್ಸ್ ಮತ್ತು ಹೈದರಾಬಾದಿನ ಇಸಿಐಎಲ್ ತಯಾರಿಸುವ ಮತಯಂತ್ರಗಳಲ್ಲಿ, ಮತದಾನ ಶುರುವಾಗುವ ಮುನ್ನ ಅಭ್ಯರ್ಥಿಗಳ ಏಜೆಂಟರ ಎದುರು ಕನಿಷ್ಠ 50 ಅಣಕು ಮತಗಳನ್ನು ಹಾಕಿ ಎಣಿಸಿ ತಾಳೆ ನೋಡುತ್ತಾರೆ. ಒಂದು ಕಡೆ ತಿದ್ದಿದಾಗ ಇನ್ನೊಂದು ಕಡೆ ಕೆಟ್ಟಿಲ್ಲವೇ ಎಂದು ಹಳೆಯ ಪರೀಕ್ಷೆಗಳನ್ನೆಲ್ಲ ಮತ್ತೆ ಓಡಿಸುವುದು ರಿಗ್ರೆಶನ್. ಇದು ಮನುಷ್ಯರನ್ನು ದಣಿಸುವ ಕೆಲಸವಾದ್ದರಿಂದ ಇದನ್ನು ಯಂತ್ರಕ್ಕೆ ಒಪ್ಪಿಸುತ್ತಾರೆ. ಕೆಂಟ್ ಬೆಕ್ ಮತ್ತು ಎರಿಕ್ ಗಾಮಾ ವಿಮಾನಯಾನದ ನಡುವೆ ಬರೆದ ಜೆಯೂನಿಟ್ ಎಂಬ ಸಲಕರಣೆ ಯೂನಿಟ್ ಟೆಸ್ಟ್ ಬರೆಯುವುದನ್ನು ಪ್ರೋಗ್ರಾಮರುಗಳ ದಿನನಿತ್ಯದ ಅಭ್ಯಾಸವಾಗಿಸಿತು.

ಮನುಷ್ಯರಿಗೆ ಹೊಳೆಯದ ಹನಿಗಳನ್ನು ಎತ್ತಲು ಬೇರೆ ಉಪಾಯವಿದೆ. 1988ರಲ್ಲಿ ವಿಸ್ಕಾನ್ಸಿನ್ ವಿಶ್ವವಿದ್ಯಾಲಯದ ಬಾರ್ಟನ್ ಮಿಲ್ಲರ್ ಗುಡುಗು-ಮಳೆಯ ರಾತ್ರಿ ಮನೆಯಿಂದ ದೂರವಾಣಿ ತಂತಿಯ ಮೂಲಕ ಕೆಲಸ ಮಾಡುತ್ತಿದ್ದರು. ತಂತಿಯ ಗದ್ದಲದಿಂದ ನುಗ್ಗಿದ ಅಡ್ಡಾದಿಡ್ಡಿ ಅಕ್ಷರಗಳಿಗೇ ನೆಚ್ಚಿನ ಯೂನಿಕ್ಸ್ ಪ್ರೋಗ್ರಾಮುಗಳು ಕುಸಿಯುವುದನ್ನು ಕಂಡು ಅವರಿಗೆ ಅಚ್ಚರಿಯಾಯಿತು. ಬೇಕೆಂದೇ ಅರ್ಥವಿಲ್ಲದ ಅಕ್ಷರಗಳನ್ನು ಸುರಿದು ನೋಡುವ ಫಜಿಂಗ್ ವಿಧಾನ ಹುಟ್ಟಿದ್ದು ಹಾಗೆ. ಭದ್ರತಾ ಲೋಪಗಳನ್ನು ಹುಡುಕಲು ಇಂದು ಇದನ್ನು ವ್ಯಾಪಕವಾಗಿ ಬಳಸುತ್ತಾರೆ.

ಕೈ ಪಳಗಿದಾಗ ಎದ್ದ ದೋಷ

ಥೆರಾಕ್-25 ಕೆನಡಾದ ಸರ್ಕಾರಿ ಸಂಸ್ಥೆಯೊಂದು ತಯಾರಿಸಿದ, ಕ್ಯಾನ್ಸರಿಗೆ ವಿಕಿರಣ ಚಿಕಿತ್ಸೆ ಕೊಡುವ ಯಂತ್ರ. 1985ರಿಂದ 1987ರ ನಡುವೆ ಅಮೆರಿಕ, ಕೆನಡಾಗಳಲ್ಲಿ ಅದು ಆರು ರೋಗಿಗಳಿಗೆ ವಿಪರೀತ ಪ್ರಮಾಣದ ವಿಕಿರಣ ಹಾಯಿಸಿತು. ಅವರಲ್ಲಿ ಕನಿಷ್ಠ ಮೂವರು ಅದರಿಂದಲೇ ತೀರಿಕೊಂಡರು. ಹಿಂದಿನ ಮಾದರಿಯಲ್ಲಿ ತಪ್ಪು ನಡೆದರೆ ತಡೆಯುವ ಯಾಂತ್ರಿಕ ಬೀಗಗಳಿದ್ದವು. ಹೊಸದರಲ್ಲಿ ಅವನ್ನು ತೆಗೆದು ಜವಾಬ್ದಾರಿಯನ್ನು ತಂತ್ರಾಂಶಕ್ಕೆ ವಹಿಸಿದರು. ಟೆಕ್ಸಸ್‌ನ ಟೈಲರ್ ಊರಿನಲ್ಲಿ 1986ರಲ್ಲಿ ನಡೆದದ್ದು ಹೀಗೆ: ತಂತ್ರಜ್ಞೆ ಎಲೆಕ್ಟ್ರಾನ್ ಚಿಕಿತ್ಸೆಯ ಬದಲು ಎಕ್ಸ್-ರೇ ಎಂದು ಒತ್ತಿಬಿಟ್ಟರು, ಕೂಡಲೇ ಮೇಲಕ್ಕೆ ಹೋಗಿ ತಿದ್ದಿದರು, ಮುಂದುವರಿದರು. ಯಂತ್ರದ ಕಾಂತಗಳು ಹೊಂದಿಕೊಳ್ಳಲು ಸುಮಾರು 8 ಸೆಕೆಂಡು ಬೇಕಿತ್ತು. ಅಷ್ಟರೊಳಗೆ ಆದ ತಿದ್ದುಪಡಿ ಪರದೆಯ ಮೇಲೆ ಕಾಣಿಸಿತೇ ಹೊರತು ಯಂತ್ರಕ್ಕೆ ತಲುಪಲಿಲ್ಲ. 'ಮಾಲ್‌ಫಂಕ್ಷನ್ 54' ಎಂಬ ಅರ್ಥವಾಗದ ಸೂಚನೆ ಬಂತು. ಅಂಥ ಸೂಚನೆಗಳು ದಿನವೂ ಬರುತ್ತಿದ್ದುದರಿಂದ ಮುಂದುವರಿಸುವ ಕೀಲಿಯನ್ನು ಒತ್ತಿದರು. ರೋಗಿಗೆ ಎರಡನೆಯ ಬಾರಿಯೂ ತಗುಲಿತು.

ನಿಧಾನವಾಗಿ ಟೈಪ್ ಮಾಡಿದರೆ ಈ ದೋಷ ಬರುವುದೇ ಇಲ್ಲ. ದಿನಾ ಅದೇ ಕೆಲಸ ಮಾಡಿ ಕೈ ಪಳಗಿದವರಿಗೆ ಮಾತ್ರ ಬರುತ್ತದೆ. ಆ ಆಸ್ಪತ್ರೆಯ ಭೌತವಿಜ್ಞಾನಿ ತಂತ್ರಜ್ಞೆಯನ್ನು ಪಕ್ಕದಲ್ಲಿ ಕೂರಿಸಿಕೊಂಡು, ಅದೇ ವೇಗ ಬರುವವರೆಗೆ ಟೈಪ್ ಮಾಡಿ ಮಾಡಿ ದೋಷವನ್ನು ಮತ್ತೆ ಬರಿಸಿದರು. ಈ ವಿದ್ಯೆಯ ಚರಿತ್ರೆಯಲ್ಲಿ ನನಗೆ ಅತ್ಯಂತ ಗೌರವ ಹುಟ್ಟಿಸುವ ದೃಶ್ಯ ಅದು. ನ್ಯಾನ್ಸಿ ಲೆವೆಸನ್ ಮತ್ತು ಕ್ಲಾರ್ಕ್ ಟರ್ನರ್ 1993ರಲ್ಲಿ ಪ್ರಕಟಿಸಿದ ಅಧ್ಯಯನ ಇನ್ನೊಂದು ಸಂಗತಿಯನ್ನೂ ಹೊರತಂದಿತು: ಹಿಂದಿನ ಥೆರಾಕ್-20ರಲ್ಲೂ ಇದೇ ದೋಷವಿತ್ತು, ಬೀಗಗಳು ಅದನ್ನು ಮುಚ್ಚಿಟ್ಟಿದ್ದವು.

ಸಾಧಿಸಿ ತೋರಿಸುವ ದಾರಿ

ಜೀವಹಾನಿಯ ಭಯವಿರುವ ಕಡೆ ಪರೀಕ್ಷೆಯ ಜೊತೆಗೆ ಗಣಿತದ ಸಾಧನೆಯನ್ನೂ (ಪ್ರೂಫ್) ಕೇಳುತ್ತಾರೆ. 1998ರಲ್ಲಿ ಶುರುವಾದ ಪ್ಯಾರಿಸ್ ಮೆಟ್ರೊದ ಚಾಲಕರಿಲ್ಲದ 14ನೆಯ ಮಾರ್ಗದ ಸುರಕ್ಷತಾ ತಂತ್ರಾಂಶವನ್ನು 'ಬಿ ವಿಧಾನ'ದಿಂದ ಸಾಧಿಸಿ ಕಟ್ಟಿದರು. ಆಸ್ಟ್ರೇಲಿಯದ ಸಂಶೋಧಕರು 2009ರಲ್ಲಿ ಎಸ್‌ಇಎಲ್4 ಎಂಬ ಪುಟ್ಟ ಆಪರೇಟಿಂಗ್ ಸಿಸ್ಟಮ್ ತಿರುಳಿನ ಸುಮಾರು 8,700 ಸಾಲುಗಳು ಸರಿಯಿವೆಯೆಂದು ಸಾಧಿಸಿದರು. ಸಾಧನೆಯೇ ಸುಮಾರು ಎರಡು ಲಕ್ಷ ಸಾಲು ಬೆಳೆಯಿತು. ಸಾಧ್ಯವಿರುವ ಸ್ಥಿತಿಗಳನ್ನೆಲ್ಲ ಯಂತ್ರವೇ ಜಾಲಾಡುವ ಮಾಡೆಲ್ ಚೆಕಿಂಗ್‌ಗಾಗಿ ಎಡ್ಮಂಡ್ ಕ್ಲಾರ್ಕ್, ಅಲೆನ್ ಎಮರ್ಸನ್, ಜೋಸೆಫ್ ಸಿಫಾಕಿಸ್ 2007ರ ಟ್ಯೂರಿಂಗ್ ಪ್ರಶಸ್ತಿ ಪಡೆದರು. ವಿಮಾನದ ತಂತ್ರಾಂಶಕ್ಕೆ ಡಿಒ-178ಸಿ ಎಂಬ ಮಾನದಂಡವಿದೆ. ಅದರ ಅತಿ ಕಠಿಣ ದರ್ಜೆಯಲ್ಲಿ, ಪ್ರತಿ ತೀರ್ಮಾನದ ಒಳಗಿನ ಪ್ರತಿ ಷರತ್ತೂ ತಾನೊಂದೇ ಫಲಿತಾಂಶವನ್ನು ಬದಲಿಸಬಲ್ಲದೆಂದು ಪರೀಕ್ಷೆಯಿಂದ ತೋರಿಸಬೇಕು.

ಸಾಧನೆಗೂ ಅದರದೇ ನಂಬಿಕೆಗಳಿರುತ್ತವೆ. ವಿಂಗಡಿಸಿಟ್ಟ ಪಟ್ಟಿಯನ್ನು ಅರ್ಧರ್ಧ ಸೀಳುತ್ತ ಹುಡುಕುವ ಬೈನರಿ ಸರ್ಚ್ ಪ್ರತಿ ವಿದ್ಯಾರ್ಥಿಯೂ ಕಲಿಯುವ ವಿಧಾನ. ಜಾನ್ ಬೆಂಟ್ಲಿ ತಮ್ಮ ಹೆಸರಾಂತ ಪುಸ್ತಕದಲ್ಲಿ ಅದರ ಸರಿತನವನ್ನು ತರ್ಕದಿಂದ ತೋರಿಸಿದ್ದರು. 2006ರಲ್ಲಿ ಜೋಶುವಾ ಬ್ಲಾಕ್, ಜಾವಾ ಭಾಷೆಯ ಜೊತೆ ತಾವೇ ಬರೆದುಕೊಟ್ಟ ಬೈನರಿ ಸರ್ಚ್‌ನಲ್ಲಿ ಸುಮಾರು ಒಂಬತ್ತು ವರ್ಷ ಅಡಗಿದ್ದ ದೋಷವನ್ನು ಬಹಿರಂಗಪಡಿಸಿದರು. ನಡುವಿನ ಸ್ಥಾನ ಕಂಡುಹಿಡಿಯಲು ಎರಡು ತುದಿಗಳನ್ನು ಕೂಡಿ ಎರಡರಿಂದ ಭಾಗಿಸುವ ಸಾಲಿನಲ್ಲಿ, ಪಟ್ಟಿ ಸುಮಾರು ನೂರು ಕೋಟಿ ಅಂಶ ದಾಟಿದರೆ ಮೊತ್ತ 32 ಬಿಟ್‌ನಲ್ಲಿ ಹಿಡಿಸುವುದಿಲ್ಲ. ಕಾಗದದ ಮೇಲಿನ ಪೂರ್ಣಾಂಕಕ್ಕೆ ಮಿತಿಯಿಲ್ಲ, ಯಂತ್ರದ್ದಕ್ಕೆ ಇದೆ. ಆರಿಯಾನ್‌ನ ಪಾವು ಇಲ್ಲಿಯೂ ಚೆಲ್ಲಿತು.

ಪರೀಕ್ಷೆಗಳಲ್ಲೇ ಒಂದು ಮೂಲೆಯನ್ನು ನೋಡದೆ ಬಿಟ್ಟರೆ ಆಗುವುದನ್ನು 2024ರ ಜುಲೈ 19 ತೋರಿಸಿತು. ಕ್ರೌಡ್‌ಸ್ಟ್ರೈಕ್ ಎಂಬ ಭದ್ರತಾ ತಂತ್ರಾಂಶ ಕಂಪನಿ ಕಳಿಸಿದ ಒಂದು ನವೀಕರಣದಿಂದ ಸುಮಾರು 85 ಲಕ್ಷ ವಿಂಡೋಸ್ ಕಂಪ್ಯೂಟರುಗಳು ನಿಂತವು, ಬೆಂಗಳೂರು ಸೇರಿ ಅನೇಕ ವಿಮಾನ ನಿಲ್ದಾಣಗಳಲ್ಲಿ ಪ್ರಯಾಣಿಕರು ಸಾಲುಗಟ್ಟಿದರು. ಆ ನವೀಕರಣ 21 ಅಂಶಗಳನ್ನು ನೋಡಬೇಕೆನ್ನುತ್ತಿತ್ತು, ತಂತ್ರಾಂಶ ಒದಗಿಸುತ್ತಿದ್ದುದು 20. ಹಿಂದಿನ ಪರೀಕ್ಷೆಗಳಲ್ಲೆಲ್ಲ 21ನೆಯ ಜಾಗದಲ್ಲಿ 'ಏನಾದರೂ ಇರಲಿ' ಎಂಬ ಗುರುತೇ ಇದ್ದುದರಿಂದ ಕೊರತೆ ಕಾಣಲಿಲ್ಲ.

ಕರ್ನಾಟಕದಲ್ಲಿ

ಗುಣಮಟ್ಟದ ವಿಷಯದಲ್ಲಿ ಬೆಂಗಳೂರಿನ ಹೆಸರು ಕೇಳತೊಡಗಿದ್ದು 1990ರ ದಶಕದಲ್ಲಿ. ಕಾರ್ನೆಗಿ ಮೆಲನ್ ವಿಶ್ವವಿದ್ಯಾಲಯದ ಸಂಸ್ಥೆ, ತಂತ್ರಾಂಶ ಕಟ್ಟುವ ಶಿಸ್ತನ್ನು ಅಳೆಯಲು ರೂಪಿಸಿದ ಸಿಎಂಎಂ ಮಾಪನದಲ್ಲಿ ಅತ್ಯುನ್ನತವಾದ ಐದನೆಯ ಹಂತ ಮುಟ್ಟಿದ ಜಗತ್ತಿನ ಮೊದಲ ಕೆಲವೇ ಘಟಕಗಳಲ್ಲಿ ಮೊಟೊರೊಲಾದ ಬೆಂಗಳೂರು ಕೇಂದ್ರವೂ ಒಂದು. ಚಿಪ್ ವಿನ್ಯಾಸದ ಕಂಪನಿಗಳಲ್ಲಿ ವೆರಿಫಿಕೇಶನ್ ಎಂಜಿನಿಯರ್ ಎಂಬುದು ಈ ಊರಿನಲ್ಲಿ ಸಾವಿರಾರು ಜನರ ಹುದ್ದೆ. ಅಚ್ಚಾದ ಚಿಪ್ಪನ್ನು ತಂತ್ರಾಂಶದಂತೆ ತಿದ್ದಲಾಗದು. 1994ರಲ್ಲಿ ಪೆಂಟಿಯಮ್ ಚಿಪ್ಪಿನ ಭಾಗಾಕಾರದ ತಪ್ಪು ಇಂಟೆಲ್‌ಗೆ 47.5 ಕೋಟಿ ಡಾಲರ್ ಹೊರೆಯಾದ ಮೇಲೆ ಆ ಉದ್ಯಮ ಗಣಿತದ ಸಾಧನೆಯತ್ತ ಗಂಭೀರವಾಗಿ ತಿರುಗಿತು.

ನೆಲದ ಮೇಲೆ ಆಕಾಶವನ್ನು ಕಟ್ಟುವ ಕೆಲಸವೂ ಇಲ್ಲಿ ನಡೆದಿದೆ. ಭಾರತದ ತೇಜಸ್ ಯುದ್ಧವಿಮಾನ ಸ್ವಭಾವತಃ ಅಸ್ಥಿರ; ಕಂಪ್ಯೂಟರು ಕ್ಷಣಕ್ಷಣವೂ ಹಿಡಿದಿಡದಿದ್ದರೆ ಹಾರಲಾರದು. 1998ರಲ್ಲಿ ಭಾರತ ನಡೆಸಿದ ಅಣುಪರೀಕ್ಷೆಯ ನಂತರ ಇದಕ್ಕೆ ಸಿಗುತ್ತಿದ್ದ ಅಮೆರಿಕದ ನೆರವು ನಿಂತುಹೋಯಿತು. ಎಂಜಿನಿಯರುಗಳು ಹಾರಾಟ ನಿಯಂತ್ರಣ ತಂತ್ರಾಂಶವನ್ನು ಸಿಮ್ಯುಲೇಟರುಗಳಲ್ಲೂ, ವಿಮಾನದ ನಿಜವಾದ ಹೈಡ್ರಾಲಿಕ್ ಭಾಗಗಳನ್ನು ಜೋಡಿಸಿದ 'ಐರನ್ ಬರ್ಡ್' ಚೌಕಟ್ಟಿನಲ್ಲೂ ಓಡಿಸಿ ಓಡಿಸಿ ನೋಡಿದರು. ಅದು ಮೊದಲು ಹಾರಿದ್ದು 2001ರ ಜನವರಿ 4ರಂದು, ಬೆಂಗಳೂರಿನಿಂದ. ಚಂದ್ರಯಾನ-2ರ ಸೆನ್ಸರುಗಳ ಪರೀಕ್ಷೆಗೆ ಚಿತ್ರದುರ್ಗ ಜಿಲ್ಲೆಯ ಚಳ್ಳಕೆರೆ ಬಳಿ ಚಂದ್ರನ ಮೇಲಿನಂಥ ಕುಳಿಗಳನ್ನು ತೋಡಿದ್ದರು. 2019ರ ಸೆಪ್ಟೆಂಬರಿನಲ್ಲಿ ಅದರ ಲ್ಯಾಂಡರ್ ವಿಕ್ರಮ್ ಚಂದ್ರನ ಮೇಲೆ ಇಳಿಯುವಾಗ ಅಪ್ಪಳಿಸಿತು. ಆಮೇಲೆ ಇಸ್ರೊ, ಎಲ್ಲ ಸರಿಯಾಗಿ ನಡೆದರೆ ಏನು ಎಂಬುದರ ಬದಲು ಏನೇನು ಕೆಡಬಹುದು ಎಂಬುದರಿಂದ ವಿನ್ಯಾಸ ಶುರುಮಾಡಿತು. ಇಳಿಯುವ ಜಾಗದ ಅಂದಾಜು 500 ಮೀಟರ್ ಚೌಕದಿಂದ 4 ಕಿಲೋಮೀಟರ್ ಉದ್ದ, 2.4 ಕಿಲೋಮೀಟರ್ ಅಗಲಕ್ಕೆ ಹಿಗ್ಗಿತು. ಸೆನ್ಸರುಗಳನ್ನು ಹೆಲಿಕಾಪ್ಟರಿನಲ್ಲಿ ಹಾರಿಸಿ, ಎಂಜಿನ್ ಸಹಿತ ಲ್ಯಾಂಡರಿನ ಮಾದರಿಯನ್ನು ಕ್ರೇನಿಗೆ ತೂಗುಹಾಕಿ ಪರೀಕ್ಷಿಸಿದರು. 2023ರ ಆಗಸ್ಟ್ 23ರಂದು ಚಂದ್ರಯಾನ-3 ಇಳಿಯಿತು.

ಕನ್ನಡ ಲಿಪಿಯೇ ಒಂದು ಕಠಿಣ ಪರೀಕ್ಷೆ. 'ಜ್ಞಾನೇಶ್ವರಿ' ಎಂಬ ಹೆಸರು ಕಣ್ಣಿಗೆ ನಾಲ್ಕು ಅಕ್ಷರ. ಯೂನಿಕೋಡ್ ಲೆಕ್ಕದಲ್ಲಿ ಅದು 11 ಸಂಕೇತ, ಯುಟಿಎಫ್-8ರಲ್ಲಿ ಉಳಿಸಿದರೆ 33 ಬೈಟು. ಹೆಸರಿನ ಜಾಗಕ್ಕೆ 30 ಬೈಟು ಸಾಕೆಂದು ಬರೆದವರ ತಂತ್ರಾಂಶ ಕೊನೆಯ 'ರಿ'ಯ ಗುಣಿಸನ್ನು ಕತ್ತರಿಸಿ ಅವಳನ್ನು 'ಜ್ಞಾನೇಶ್ವರ'ನನ್ನಾಗಿ ಮಾಡುತ್ತದೆ. ಅದೇ 'ನೇ'ಯ ದೀರ್ಘವನ್ನು ಒಂದೇ ಸಂಕೇತವಾಗಿಯೂ ಬರೆಯಬಹುದು, ಎತ್ವ ಮತ್ತು ದೀರ್ಘ ಎಂದು ಎರಡಾಗಿಯೂ ಬರೆಯಬಹುದು. ಕಣ್ಣಿಗೆ ವ್ಯತ್ಯಾಸ ಕಾಣದು, ಹುಡುಕಾಟದಲ್ಲಿ ಹೆಸರು ಸಿಗದು. 2018ರ ಫೆಬ್ರವರಿಯಲ್ಲಿ ನಮ್ಮ ನೆರೆಯ ತೆಲುಗಿನ 'ಜ್ಞಾ' ಎಂಬ ಒತ್ತಕ್ಷರವನ್ನು, ನಡುವೆ ಕಣ್ಣಿಗೆ ಕಾಣದ ಸಂಕೇತವೊಂದನ್ನು ಸೇರಿಸಿ, ಸಂದೇಶದಲ್ಲಿ ಕಳಿಸಿದರೆ ಐಫೋನಿನ ಆ್ಯಪ್‌ಗಳು ಕುಸಿಯುತ್ತಿದ್ದವು. ಆ್ಯಪಲ್ ಅದೇ ತಿಂಗಳು ತಿದ್ದುಪಡಿ ಹೊರಡಿಸಿತು. ಒತ್ತಕ್ಷರಗಳನ್ನು ಬಗೆಬಗೆಯಾಗಿ ಟೈಪ್ ಮಾಡಿ ನೋಡುವುದು ತೆಲುಗು, ಕನ್ನಡ ಬಲ್ಲ ಪರೀಕ್ಷಕರಿಗೇ ಹೊಳೆಯುವ ಕೆಲಸ.